ಯಾರೊಬ್ಬರ ತಲೆಯಲ್ಲೂ ಇಲ್ಲದ ತಿಳಿವಳಿಕೆ

ಕನ್ನಡದ ಎರಡು ಪದಗಳು ನಮಗೆ ಹೇಳದೆ ಕೇಳದೆ ಜಗತ್ತಿನ ವಿಜ್ಞಾನದ ಪುಸ್ತಕಗಳೊಳಗೆ ಹೋಗಿ ಕೂತಿವೆ. ಒಂದು ‘ಉಕ್ಕು’, ಇನ್ನೊಂದು ‘ಕೊಳೆರೋಗ’. ತಂತ್ರಜ್ಞಾನ, ತಜ್ಞತೆ, ಸಾಮೂಹಿಕ ಬುದ್ಧಿ, ಮನುಕುಲದ ಭವಿಷ್ಯ ಎಂದು ಈ ಸಂಜೆಗಾಗಿ ನೀವು ನನಗೆ ಕೊಟ್ಟಿರುವ ವಿಷಯ ಬಹಳ ದೊಡ್ಡದು. ಅಷ್ಟು ದೊಡ್ಡದನ್ನು ಆಕಾಶದಲ್ಲಿ ನಿಂತು ನೋಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಈ ಎರಡು ಪದಗಳ ಬೆನ್ನು ಹತ್ತಿ ಹೋಗುತ್ತೇನೆ. ಒಂದರ ಹಿಂದಿದ್ದ ವಿದ್ಯೆ ಅಳಿಯಿತು, ಇನ್ನೊಂದರ ಹಿಂದಿನದು ಉಳಿಯಿತು. ಯಾಕೆ ಹಾಗಾಯಿತು ಎಂಬುದನ್ನು ಬಿಡಿಸಿಕೊಂಡರೆ, ಇವತ್ತು ಯಂತ್ರಗಳ ಬುದ್ಧಿಯ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಸ್ವಲ್ಪ ಸ್ಪಷ್ಟವಾದೀತು ಎಂದು ನನ್ನ ಎಣಿಕೆ.

ಮೊದಲು ಉಕ್ಕು. ಬೊಂಬಾಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಲ್ಲಿಯ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದ. ಅದರಲ್ಲಿ ಈ ಲೋಹದ ಹೆಸರು ‘ವೂಟ್ಸ್’. ಕನ್ನಡದಲ್ಲೂ ತೆಲುಗಿನಲ್ಲೂ ನಾವು ಉಕ್ಕು ಎನ್ನುವುದನ್ನೇ ಕೇಳಿದವರೋ ಬರೆದವರೋ ಹೀಗೆ ಕೆಡಿಸಿಕೊಂಡಿರಬೇಕು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹೆಸರು ಕೆಟ್ಟರೂ ಕೀರ್ತಿ ಕೆಡಲಿಲ್ಲ. ದಕ್ಷಿಣ ಭಾರತದ ಈ ಗಟ್ಟಿಗಳು ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಪಶ್ಚಿಮ ಏಷ್ಯಾದ ಪೇಟೆಗಳಿಗೆ ಹೋಗುತ್ತಿದ್ದವು. ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಡಮಾಸ್ಕಸ್ ಕತ್ತಿಗಳನ್ನು ಇಂಥ ಗಟ್ಟಿಗಳಿಂದಲೇ ಬಡಿಯುತ್ತಿದ್ದರು.

1800–01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಕ್ರಮ ಸರಳವಾಗಿ ಕಾಣುತ್ತದೆ: ಜೇಡಿಮಣ್ಣಿನ ಪುಟ್ಟ ಮೂಸೆಯೊಳಗೆ ಮೆದುಕಬ್ಬಿಣದ ತುಂಡು, ಅದರೊಂದಿಗೆ ತಂಗಡಿ ಕಟ್ಟಿಗೆಯ ಚೂರು, ಒಂದೆರಡು ಹಸಿ ಎಲೆ, ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ, ಗಂಟೆಗಟ್ಟಲೆ ತಿದಿ ಒತ್ತುವುದು. ಕಟ್ಟಿಗೆ ಎಲೆಗಳಲ್ಲಿರುವ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗಿ ಉಕ್ಕಾಗುತ್ತದೆ. ಮೂಸೆ ತಣಿದ ಮೇಲೆ ಒಡೆದರೆ ತಳದಲ್ಲಿ ಒಂದು ಗಟ್ಟಿ. ಇದನ್ನು ಓದಿಕೊಂಡು ಯುರೋಪಿನವರು ತಾವೂ ಮಾಡಲು ಹೊರಟರು. ಅವರಲ್ಲಿ ಮೈಕೆಲ್ ಫ್ಯಾರಡೆ ಕೂಡ ಒಬ್ಬ. ಅವನು ಕಮ್ಮಾರನ ಮಗ ಎಂಬುದು ಇಲ್ಲಿ ನೆನಪಿಡುವಂಥದು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಕತ್ತರಿಗಳ ತಯಾರಕನೊಂದಿಗೆ ಸೇರಿ 1819ರಿಂದ ಕೆಲವು ವರ್ಷ ಫ್ಯಾರಡೆ ಇದರ ಹಿಂದೆ ಬಿದ್ದ, ಗುಟ್ಟು ಅಲ್ಯೂಮಿನಿಯಂನಲ್ಲಿರಬೇಕೆಂದು ತಪ್ಪಾಗಿ ಎಣಿಸಿದ, ಆ ತಪ್ಪಿನ ದಾರಿಯಲ್ಲಿ ಹೋಗುತ್ತಲೇ ಮಿಶ್ರಲೋಹದ ಉಕ್ಕುಗಳ ಅಧ್ಯಯನಕ್ಕೆ ನಾಂದಿ ಹಾಡಿದ. ಅಲೆಯ ಗೆರೆಯ ಗುಟ್ಟು ಮಾತ್ರ ಅವನಿಗೆ ಸಿಗಲಿಲ್ಲ.

ಸಿಕ್ಕಿದ್ದು ಸುಮಾರು 180 ವರ್ಷಗಳ ನಂತರ, ಅಮೆರಿಕದಲ್ಲಿ, ಇಬ್ಬರು ಒಂದೇ ಒಲೆಯ ಮುಂದೆ ನಿಂತಾಗ. ಒಬ್ಬರು ಅಯೋವಾದ ಲೋಹಶಾಸ್ತ್ರದ ಪ್ರಾಧ್ಯಾಪಕ ಜಾನ್ ವೆರ್ಹೋವನ್, ಇನ್ನೊಬ್ಬರು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. 1998ರಲ್ಲಿ ಅವರು ಮುಂದಿಟ್ಟ ವಿವರಣೆ ಇದು: ಆ ಗೆರೆಗಳಿಗೆ ಕಾರಣ ಅದಿರಿನಲ್ಲಿ ಕಸರಿನಂತೆ ಸೇರಿಕೊಂಡಿದ್ದ ವೆನೇಡಿಯಂ ಮೊದಲಾದ ಧಾತುಗಳು, ಅದೂ ನೂರು ಗ್ರಾಂ ಉಕ್ಕಿನಲ್ಲಿ ಕೆಲವೇ ಮಿಲಿಗ್ರಾಂ. ಅಷ್ಟಿದ್ದರೆ, ಪದೇ ಪದೇ ಕಾಯಿಸಿ ಬಡಿದಾಗ ಕಬ್ಬಿಣ, ಇಂಗಾಲ ಕೂಡಿದ ಗಡಸು ಕಣಗಳು ಸಾಲುಗಟ್ಟುತ್ತವೆ. ಇಲ್ಲದಿದ್ದರೆ ಎಷ್ಟು ಬಡಿದರೂ ಇಲ್ಲ. ಅದಿರಿನ ಗಣಿ ಬದಲಾದಾಗ, ಅದೇ ಕೈ, ಅದೇ ಸುತ್ತಿಗೆ, ಅದೇ ಕ್ರಮ ಇದ್ದರೂ ಕತ್ತಿಯ ಮೇಲೆ ಗೆರೆ ಮೂಡದೆ ಹೋಗಿರಬೇಕು ಎಂಬುದು ಅವರ ಊಹೆ.

ನನಗೆ ಈ ಕಥೆಯಲ್ಲಿ ಬೆರಗು ಹುಟ್ಟಿಸುವುದು ಇಷ್ಟು. ವೆನೇಡಿಯಂ ಎಂಬುದೊಂದು ಇದೆಯೆಂಬುದೇ ರಸಾಯನಶಾಸ್ತ್ರಕ್ಕೆ ಗೊತ್ತಾದದ್ದು 19ನೆಯ ಶತಮಾನದಲ್ಲಿ. ಎಂದಮೇಲೆ, ನಮ್ಮ ಕಮ್ಮಾರರಲ್ಲಿ ಒಬ್ಬನಿಗೂ ತಾನು ಮಾಡುತ್ತಿರುವುದು ಏನೆಂದು ನಾವು ಇವತ್ತು ಹೇಳುವ ಅರ್ಥದಲ್ಲಿ ಗೊತ್ತಿರಲಿಲ್ಲ. ಆದರೂ ಉಕ್ಕು ಆಗುತ್ತಿತ್ತು. ಆ ತಿಳಿವಳಿಕೆ ಯಾವ ಒಂದು ತಲೆಯಲ್ಲಿಯೂ ಇರಲಿಲ್ಲ. ಇಂಥ ಗುಡ್ಡದ ಅದಿರನ್ನೇ ತರಬೇಕೆಂಬ ಹಟದಲ್ಲಿ, ಇಂಥ ಗಿಡವನ್ನೇ ಕಡಿಯಬೇಕೆಂಬ ಕಟ್ಟಳೆಯಲ್ಲಿ, ಮೂಸೆಯ ಮಣ್ಣು ಹದ ಮಾಡುವವನ ಅಂಗೈಯಲ್ಲಿ, ಬೆಂಕಿಯ ಬಣ್ಣ ನೋಡುವವನ ಕಣ್ಣಿನಲ್ಲಿ ಹಂಚಿಹೋಗಿತ್ತು. ಸಾಮೂಹಿಕ ಬುದ್ಧಿ ಎಂದು ನಾನು ಕರೆಯುವುದು ಇದನ್ನು. ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂದಿಳಿದು, ಕಾಡಿನ ಕಟ್ಟಿಗೆಯ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ, ಕುಲುಮೆಗಳು ಒಂದೊಂದಾಗಿ ಆರಿದಾಗ, ಯಾವುದೋ ಗ್ರಂಥ ಸುಟ್ಟುಹೋದಂತೆ ಅದು ಒಂದೇ ದಿನದಲ್ಲಿ ಹೋಗಲಿಲ್ಲ. ತಿದಿ ಒತ್ತಲು ಹುಡುಗರು ಬರುವುದು ನಿಂತಿತು, ಅಷ್ಟೇ. ಬುಕನನ್ನನ ಬರಹ ಉಳಿದಿದೆ, ಗಟ್ಟಿಗಳು ವಸ್ತುಸಂಗ್ರಹಾಲಯಗಳಲ್ಲಿವೆ, ವಿದ್ಯೆ ಇಲ್ಲ.

ಆ ತಿದಿಯ ಹುಡುಗನನ್ನು ನೀವು ಮರೆಯಬಾರದು, ಮತ್ತೆ ಅವನ ಹತ್ತಿರ ಬರುತ್ತೇನೆ.

ತಜ್ಞತೆಯ ಬಗ್ಗೆ ಮಾತನಾಡುವವರೆಲ್ಲ ಆಡಂ ಸ್ಮಿತ್ತನ ಗುಂಡುಸೂಜಿ ಕಾರ್ಖಾನೆಯಿಂದ ಶುರುಮಾಡುತ್ತಾರೆ. ಹತ್ತು ಮಂದಿ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ, ಒಬ್ಬನೇ ಎಲ್ಲವನ್ನೂ ಮಾಡಲು ಹೋದರೆ ಇಪ್ಪತ್ತೂ ಆಗಲಿಕ್ಕಿಲ್ಲ ಎಂದು ಅವನು 1776ರಲ್ಲಿ ಬರೆದ. ಅದೇ ಗ್ರಂಥದ ಕೊನೆಯ ಭಾಗದಲ್ಲಿ, ಜೀವಮಾನವಿಡೀ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುತ್ತ ಇರುವವನ ಬುದ್ಧಿ ಮಂಕಾಗುತ್ತದೆ ಎಂದು ಅವನೇ ಎಚ್ಚರಿಸಿದ್ದನ್ನು ಹೇಳುವವರು ಕಡಿಮೆ. ಸೂಜಿಯ ಕಾರ್ಖಾನೆಯಲ್ಲಿ ಹಂಚಿಕೊಂಡದ್ದು ಕೈಕೆಲಸವನ್ನು. ತಿಳಿವಳಿಕೆಯನ್ನೇ ಹಂಚಿಕೊಳ್ಳುವುದು ಬೇರೆ ಸಂಗತಿ, ಅದಕ್ಕೆ ನನ್ನ ಎರಡನೆಯ ಪದ ಒಳ್ಳೆಯ ಉದಾಹರಣೆ.

ಕೊಳೆರೋಗ ಎಂದರೇನೆಂದು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಇಟ್ಟ ಹೆಸರೇ ‘ಪೆಲಿಕ್ಯುಲೇರಿಯಾ ಕೊಳೆರೋಗ’; ಪುಣ್ಯಕ್ಕೆ ಈ ಪದವನ್ನು ಅಷ್ಟಾಗಿ ಕೆಡಿಸಲಿಲ್ಲ. ಅಡಿಕೆಯ ಕೊಳೆರೋಗ ಬೇರೆಯದು. ಮಳೆಗಾಲದಲ್ಲಿ ಎಳೆಯ ಕಾಯಿಯ ಮೇಲೆ ನೀರು ತೋಯ್ದಂಥ ಕಲೆ ಬಿದ್ದು, ಬಿಳಿ ಬೂಸು ಹಬ್ಬಿ, ನಾಲ್ಕು ದಿನದಲ್ಲಿ ಕೊನೆಗೆ ಕೊನೆಯೇ, ಅಂದರೆ ಇಡೀ ಗೊನೆಯೇ, ಉದುರುತ್ತದೆ. ಕೊನೆಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದು ಹಿಂದಿನವರ ಉಪಾಯವಾಗಿತ್ತು, ಉಪಾಯ ಸರಿಯಾದದ್ದೇ: ರೋಗ ಹರಡುವುದು ನೀರಿನಿಂದ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ಕಂಡುಕೊಂಡಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಈ ರೋಗದ ಬೆನ್ನು ಹತ್ತಿ, ಕಾರಣ ಫೈಟಾಫ್ತೋರ ಎಂಬ ಜೀವಿಯೆಂದು ತೋರಿಸಿ, ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ನೆಲೆಗೊಳಿಸಿದರು.

ಬೋರ್ಡೋ ಇರುವುದು ಫ್ರಾನ್ಸಿನಲ್ಲಿ. ಅಲ್ಲಿಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಬಳಿಯುತ್ತಿದ್ದರಂತೆ. ಬೂಜುರೋಗ ಬಂದು ಉಳಿದ ಬಳ್ಳಿಗಳ ಎಲೆ ಉದುರಿದಾಗ ಇವು ಹಸಿರಾಗಿ ನಿಂತಿದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡು, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದ. ಕಳ್ಳರ ಹೆದರಿಕೆಯಿಂದ ಹುಟ್ಟಿದ ಔಷಧ ಕಾಲು ಶತಮಾನ ತುಂಬುವಷ್ಟರಲ್ಲಿ ತೀರ್ಥಹಳ್ಳಿ ಸಾಗರಗಳ ಕಡೆಗೆ ಬಂದುಬಿಟ್ಟಿತು. ಇವತ್ತಿಗೂ ಅದೇ ಲೆಕ್ಕ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ನೋಡುವ ಬಗೆಯನ್ನು ಗಮನಿಸಿ. ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು, ಕೂರದಿದ್ದರೆ ಸರಿಯಾಯಿತು. ತಾಮ್ರ ಬಿಡುಗಡೆಯಾಗಿ ಕಬ್ಬಿಣದ ಮೇಲೆ ಕೂರುವ ರಸಾಯನಶಾಸ್ತ್ರ ಅದನ್ನು ಅದ್ದುವವನಿಗೆ ಗೊತ್ತಿರಬೇಕಾಗಿಲ್ಲ, ಮರ ಹತ್ತುವುದು ರಸಾಯನಶಾಸ್ತ್ರಜ್ಞನಿಗೆ ಗೊತ್ತಿರಬೇಕಾಗಿಲ್ಲ. ಕತ್ತಿಯ ಅಲಗಿನಲ್ಲಿ ಇಬ್ಬರೂ ಭೇಟಿಯಾಗುತ್ತಾರೆ.

ಉಕ್ಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಉಕ್ಕಿನ ವಿಷಯದಲ್ಲಿ ವಿಜ್ಞಾನ ಗಟ್ಟಿಯನ್ನು ಲಂಡನ್ನಿಗೆ ಒಯ್ದು ನೋಡಿತು, ಮಾಡುವವರು ಇಲ್ಲೇ ಉಳಿದರು. ಕೊಳೆರೋಗದ ವಿಷಯದಲ್ಲಿ ವಿಜ್ಞಾನ ತೋಟಕ್ಕೆ ಬಂದು ಮರದ ಬುಡದಲ್ಲಿ ನಿಂತಿತು, ಮಾಡುವವರ ಕೈಗೆ ಹೊಸದನ್ನು ಕೊಟ್ಟು ಅವರ ಸರಪಣಿಯನ್ನು ಮುಂದುವರಿಸಿತು.

ಆದರೆ ಆ ಸರಪಣಿಯಲ್ಲಿ ಈಗ ಒಂದು ಕೊಂಡಿ ಸಡಿಲವಾಗುತ್ತಿದೆ. ಒಂದು ಮರ ಹತ್ತಿದರೆ ಕೆಳಗಿಳಿಯದೆ ತೂಗಿ ಪಕ್ಕದ ಮರಕ್ಕೆ ದಾಟುತ್ತ ಇಡೀ ಸಾಲು ಮುಗಿಸುವ ಕೊನೆಗೌಡರ ಸಂಖ್ಯೆ ಕಡಿಮೆಯಾಗಿದೆ. ಅಪಾಯದ ಕೆಲಸ, ಅವರ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ, ಹಿಡಿಯಲೇಬೇಕು. ಅದಕ್ಕೆ ಬದಲಾಗಿ ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದನೆಯ ಹಗುರ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಔಷಧ ಹೊಡೆಯಬಹುದು, ಕೊನೆ ಕೊಯ್ಯಬಹುದು. ನಾನು ದೋಟಿಯ ವಿರೋಧಿಯಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನು ಕಂಡವರು ಯಾರೂ ಅದನ್ನು ವಿರೋಧಿಸಲಾರರು. ನಾನು ಹೇಳುವುದು ಬೇರೆ. ಕೊನೆಗೌಡ ಮೇಲೆ ಹೋಗುತ್ತಿದ್ದುದು ಕೊಯ್ಯಲಿಕ್ಕೆಂದು, ಸಂಬಳ ಸಿಗುತ್ತಿದ್ದುದು ಅದಕ್ಕೆ. ಆದರೆ ಹೋದವನು ಸುಳಿ ನೋಡುತ್ತಿದ್ದ, ಹಿಂಗಾರ ನೋಡುತ್ತಿದ್ದ, ಯಾವ ಮರದ ಸೋಗೆ ಹಳದಿಗೆ ತಿರುಗಿದೆ, ಯಾವ ಕೊನೆಯಲ್ಲಿ ಮೊದಲ ಕಲೆ ಬಿದ್ದಿದೆ ಎಂಬುದನ್ನು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳುತ್ತಿದ್ದ. ದೋಟಿ ಕೈಯ ಕೆಲಸವನ್ನು ಮಾಡಿತು. ಕಣ್ಣಿನ ಕೆಲಸ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರಲಿಲ್ಲವಾದ್ದರಿಂದ ಅದು ನಿಂತದ್ದು ಯಾರಿಗೂ ಕೂಡಲೇ ತಿಳಿಯಲಿಲ್ಲ.

ಈಗ ಯಂತ್ರಗಳ ಬುದ್ಧಿಯ ವಿಷಯಕ್ಕೆ ಬರುತ್ತೇನೆ, ಅದರಲ್ಲೂ ಅದರ ಅತ್ಯುತ್ತಮ ಸಾಧನೆಗೇ. ಯಾಕೆಂದರೆ ದುರ್ಬಲ ಉದಾಹರಣೆ ಹಿಡಿದು ಬಯ್ಯುವುದು ಸುಲಭ.

ನಮ್ಮ ದೇಹದ ಪ್ರೋಟೀನುಗಳು ಅಮೈನೊ ಆಮ್ಲಗಳ ಸರಗಳು. ಸರ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಆಕಾರ ಕಂಡುಹಿಡಿಯುವ ಮುಖ್ಯ ದಾರಿಯೆಂದರೆ ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸುವುದು. ಒಂದೊಂದು ಪ್ರೋಟೀನಿಗೆ ಒಬ್ಬ ಸಂಶೋಧಕನ ಯೌವನದ ಮೂರು ನಾಲ್ಕು ವರ್ಷ ಹೋದದ್ದುಂಟು. ಹೀಗೆ ಕಂಡುಕೊಂಡ ಆಕಾರಗಳನ್ನು ಎಲ್ಲರಿಗೂ ಸಿಗುವಂತೆ ಒಂದೆಡೆ ಇಡೋಣವೆಂದು 1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರ ಆರಂಭವಾದಾಗ ಅದರಲ್ಲಿದ್ದದ್ದು ಏಳೇ ಏಳು. ಆಕಾರವನ್ನು ಭಂಡಾರಕ್ಕೆ ಒಪ್ಪಿಸದೆ ಪ್ರಬಂಧ ಪ್ರಕಟಿಸುವಂತಿಲ್ಲ ಎಂಬ ನಿಯಮವನ್ನು ವಿಜ್ಞಾನ ಪತ್ರಿಕೆಗಳು ಕ್ರಮೇಣ ತಂದವು. ಒಪ್ಪಿಸಿದ ಆಕಾರ ಸಾಧುವೋ ಅಲ್ಲವೋ ಎಂದು ಪರೀಕ್ಷಿಸಲು ಇವತ್ತಿಗೂ ಬಳಸುವ ಒಂದು ಅಳತೆಗೋಲು ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್, ಶಶಿಶೇಖರನ್ ಅವರೊಂದಿಗೆ ಮದರಾಸಿನಲ್ಲಿ 1963ರಲ್ಲಿ ಪ್ರಕಟಿಸಿದ ನಕ್ಷೆ. ಸರದ ಪ್ರತಿ ಕೀಲು ಯಾವ ಕೋನಗಳಲ್ಲಿ ಮಾತ್ರ ತಿರುಗಬಲ್ಲದು ಎಂಬುದನ್ನು ಅದು ತೋರಿಸುತ್ತದೆ. ಮುಂದೆ ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು ಎಂಬುದು ಇಲ್ಲಿರುವ ಹಲವರಿಗೆ ಗೊತ್ತಿರುತ್ತದೆ.

1994ರಿಂದ ಎರಡು ವರ್ಷಕ್ಕೊಮ್ಮೆ, ಆಕಾರವನ್ನು ಮೊದಲೇ ಊಹಿಸುವ ಒಂದು ಪಂದ್ಯ ನಡೆಯುತ್ತಿದೆ. 2020ರ ಪಂದ್ಯದಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಉಳಿದವರನ್ನೆಲ್ಲ ಹಿಂದೆ ಹಾಕಿತು. 2022ರ ವೇಳೆಗೆ ಇಪ್ಪತ್ತು ಕೋಟಿ ಪ್ರೋಟೀನುಗಳ ಆಕಾರಗಳ ಊಹೆಯನ್ನು ಜಗತ್ತಿನ ಮುಂದಿಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಒಂದು ಪಾಲು ಅದರ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಸಲ್ಲಬೇಕಾದದ್ದೇ. ಆದರೆ ಆ ಯಂತ್ರ ಕಲಿತದ್ದು ಎಲ್ಲಿಂದ? ಆ ಭಂಡಾರದಲ್ಲಿ ಐವತ್ತು ವರ್ಷಗಳಲ್ಲಿ ಕೂಡಿಬಿದ್ದಿದ್ದ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಆಕಾರಗಳಿಂದ. ಸಾವಿರಾರು ತಜ್ಞರು ತಮ್ಮ ತಮ್ಮ ಮೂಲೆಯಲ್ಲಿ ಕೂತು, ಯಾರಿಗೆ ಉಪಯೋಗವಾಗುತ್ತದೆಂದು ತಿಳಿಯದೆ, ಒಂದೇ ಮಾದರಿಯಲ್ಲಿ ಬರೆದು ಒಪ್ಪಿಸುತ್ತ ಹೋದದ್ದರಿಂದ. ಕಣಜ ತುಂಬಿದ್ದಕ್ಕೆ ಗಿರಣಿ ಓಡಿತು. ಕಣಜದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಬಹಳ ಕಡಿಮೆ, ಅದು ಬೇರೆ ಮಾತು.

ಹೀಗಿರುವಾಗ, ಯಂತ್ರ ಮನುಷ್ಯನಿಗಿಂತ ಜಾಣನಾಗುತ್ತದೆಯೇ ಎಂಬ ಚರ್ಚೆಯಲ್ಲಿ ನನಗೆ ಅಷ್ಟಾಗಿ ಆಸಕ್ತಿಯಿಲ್ಲ. ಉಕ್ಕಿನ ಕಾಲದಿಂದಲೂ ಒಟ್ಟು ವ್ಯವಸ್ಥೆ ಅದರೊಳಗಿನ ಯಾವ ಮನುಷ್ಯನಿಗಿಂತಲೂ ಜಾಣನಾಗಿಯೇ ಇತ್ತು. ನಾನು ಕೇಳುವುದು, ಮುಂದಿನ ಐವತ್ತು ವರ್ಷ ಕಣಜ ತುಂಬುವವರು ಯಾರು, ಅವರು ಎಲ್ಲಿ ತಯಾರಾಗುತ್ತಾರೆ ಎಂದು.

ತಿದಿಯ ಹುಡುಗನ ಹತ್ತಿರ ಮರಳಿ ಬಂದೆ. ಅವನ ಕೆಲಸವನ್ನು ಹೊರಗಿನಿಂದ ನೋಡಿದರೆ ಅದು ಗಾಳಿ ಊದುವುದು ಮಾತ್ರ. ನೀರಿನ ಚಕ್ರ ಅದನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ನಾಲ್ಕು ವರ್ಷ ತಿದಿ ಒತ್ತುತ್ತ ಕೂತವನು ಯಾವ ಕೆಂಪಿಗೆ ಮೂಸೆ ತೆಗೆಯಬೇಕೆಂಬುದನ್ನು ಯಾರೂ ಹೇಳಿಕೊಡದೆ ಕಲಿಯುತ್ತಿದ್ದ. ಕೂಲಿ ಗಾಳಿಗೆ, ಕಲಿಕೆ ಪುಕ್ಕಟೆ. ಇವತ್ತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಸೇರುವ ಹೊಸಬರಿಗೆ ಕೊಡುವ ಕೆಲಸವೂ ಇಂಥದೇ: ಹಳೆಯ ಕೋಡ್‌ನಲ್ಲಿ ಸಣ್ಣ ತಪ್ಪು ಹುಡುಕುವುದು, ಪರೀಕ್ಷೆ ಬರೆಯುವುದು. ವಕೀಲರ ಕಚೇರಿಯಲ್ಲಿ ಕಿರಿಯರು ಹಳೆಯ ತೀರ್ಪುಗಳನ್ನು ಹೆಕ್ಕುವುದು, ಲೆಕ್ಕಪರಿಶೋಧಕರ ಬಳಿ ರಸೀದಿ ತಾಳೆ ನೋಡುವುದು ಇವೆಲ್ಲ ಅದೇ ಜಾತಿ. ಇವೆಲ್ಲವನ್ನೂ ಯಂತ್ರ ಮಾಡಬಲ್ಲದು, ಮಾಡುತ್ತಿದೆ, ಅಗ್ಗವಾಗಿಯೂ ಮಾಡುತ್ತಿದೆ. ಹಿರಿಯರನ್ನು ಉಳಿಸಿಕೊಂಡು ಕಿರಿಯರ ನೇಮಕ ನಿಲ್ಲಿಸಿದರೆ ಈ ವರ್ಷದ ಲೆಕ್ಕದಲ್ಲಿ ಲಾಭವೇ ಕಾಣುತ್ತದೆ. ಹದಿನೈದು ವರ್ಷ ಕಳೆದು ಆ ಹಿರಿಯರು ನಿವೃತ್ತರಾದಾಗ ಅವರ ಕುರ್ಚಿಗೆ ಯಾರನ್ನು ಕೂರಿಸುವುದೆಂಬ ಪ್ರಶ್ನೆಗೆ ಈಗಿನ ಲೆಕ್ಕದಲ್ಲಿ ಕಲಮೇ ಇಲ್ಲ.

ಕಲಿಯದೆ ಇರುವುದು ಒಂದು, ಕಲಿತದ್ದು ಕೈತಪ್ಪುವುದು ಇನ್ನೊಂದು. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ದೊಡ್ಡ ಕರುಳಿನೊಳಗೆ ನಳಿಕೆ ಇಳಿಸಿ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಗಂಟುಗಳನ್ನು ಹುಡುಕುವ ವೈದ್ಯರಿಗೆ ಅಲ್ಲಿ ಕೃತಕ ಬುದ್ಧಿಮತ್ತೆಯ ನೆರವು ಕೊಟ್ಟಿದ್ದರು. ಆ ನೆರವು ಬರುವ ಮೊದಲು ನೂರರಲ್ಲಿ ಸುಮಾರು 28 ಪರೀಕ್ಷೆಗಳಲ್ಲಿ ಅವರಿಗೆ ಗಂಟು ಸಿಗುತ್ತಿತ್ತು. ನೆರವು ರೂಢಿಯಾದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು ಸುಮಾರು 22ಕ್ಕೆ ಇಳಿಯಿತು. ಅವರು ಹೊಸಬರೂ ಅಲ್ಲ, ಅನುಭವಿಗಳು. ಒಂದೇ ಅಧ್ಯಯನ, ಅದೂ ಆದದ್ದನ್ನು ಹಿಂದಿನಿಂದ ನೋಡಿ ಮಾಡಿದ್ದು, ಆದ್ದರಿಂದ ಅದರ ಮೇಲೆ ಮನೆ ಕಟ್ಟಲಾಗದು. ಆದರೂ ಕೊನೆಗೌಡನ ಕಣ್ಣನ್ನು ನೆನೆದುಕೊಂಡವರಿಗೆ ಈ ಅಂಕಿ ಅಪರಿಚಿತವೆನಿಸದು.

ಸಾಮೂಹಿಕ ಬುದ್ಧಿಗೆ ಬೇಕಾದ ಇನ್ನೊಂದು ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಜಾತ್ರೆಯಲ್ಲಿ, ಒಂದು ಎತ್ತನ್ನು ಕಡಿದು ಹಸನು ಮಾಡಿದಾಗ ಎಷ್ಟು ತೂಗೀತು ಎಂದು ಊಹಿಸುವ ಪಂದ್ಯ ನಡೆದಿತ್ತು. 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ತೆಗೆದರೆ ಅದರಲ್ಲಿದ್ದದ್ದು 1,207 ಪೌಂಡು. ನಿಜವಾದ ತೂಕ 1,198. ಜನಸಮೂಹದ ಜಾಣತನಕ್ಕೆ ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಆ ಚೀಟಿಗಳನ್ನು ಒಬ್ಬೊಬ್ಬರೂ ತಮ್ಮಷ್ಟಕ್ಕೆ, ತಮ್ಮ ಕಸುಬಿನ ಕಣ್ಣಿನಿಂದ ನೋಡಿ ಬರೆದಿದ್ದರು. ಕಟುಕರೂ ರೈತರೂ ಅವರಲ್ಲಿದ್ದರು. ಎಲ್ಲರೂ ಮೊದಲು ಒಂದೇ ಯಂತ್ರವನ್ನು ಕೇಳಿ ಆಮೇಲೆ ಚೀಟಿ ಬರೆದಿದ್ದರೆ ಅಲ್ಲಿ ಇರುತ್ತಿದ್ದದ್ದು 787 ಊಹೆಗಳಲ್ಲ, ಒಂದೇ ಊಹೆಯ 787 ಪ್ರತಿಗಳು. ನಾವೀಗ ಆ ಕಡೆಗೆ ವಾಲುತ್ತಿದ್ದೇವೆ ಎಂಬ ಅನುಮಾನ ನನಗಿದೆ.

ಸಭೆಗೆ ಬರುವ ಮೊದಲು ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹಾಗಾದರೆ ಯಂತ್ರ ಬೇಡ ಎನ್ನುತ್ತೀರಾ ಸರ್?” ಇಲ್ಲ ತಾಯಿ, ಹಾಗನ್ನುವವನಲ್ಲ. ಒಂದು ತೋಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ನನ್ನ ಪರಿಚಯದ ಬೆಳೆಗಾರರೊಬ್ಬರು ಎರಡು ದೋಟಿ ಇಟ್ಟುಕೊಂಡಿದ್ದಾರೆ, ಔಷಧ, ಕೊಯ್ಲು ಎಲ್ಲವೂ ಅದರಲ್ಲೇ. ಆದರೆ ಮಳೆಗಾಲದಲ್ಲಿ ಮಳೆ ಹೊಳವಾದ ದಿನ ನೋಡಿ, ಹದಿನೈದು ದಿನಕ್ಕೊಮ್ಮೆ, ಊರಿನಲ್ಲಿ ಉಳಿದಿರುವ ಒಬ್ಬ ಕೊನೆಗೌಡರನ್ನು ಕರೆಸಿ, ತೋಟದ ನಾಲ್ಕು ಮೂಲೆಯಲ್ಲಿ ನಾಲ್ಕಾರು ಮರ ಹತ್ತಿಸುತ್ತಾರೆ. ಕೊಯ್ಯುವುದಕ್ಕಲ್ಲ, ಹೊಡೆಯುವುದಕ್ಕೂ ಅಲ್ಲ. ಆದರೂ ಪೂರ್ತಿ ದಿನದ ಸಂಬಳ ಕೊಡುತ್ತಾರೆ. ಅವರ ಜೊತೆ ಒಬ್ಬ ಹುಡುಗ ಬರುತ್ತಾನೆ. ದೋಟಿ ಹಿಡಿಯುವವನು ಅವನೇ, ದ್ರಾವಣಕ್ಕೆ ಕತ್ತಿ ಅದ್ದಿ ನೋಡುವವನೂ ಅವನೇ. ಈಗ ಗಿಡ್ಡ ಮರಗಳನ್ನು ಹತ್ತಲು ಶುರುಮಾಡಿದ್ದಾನೆ. ಇದು ದಂಡದ ಖರ್ಚಲ್ಲವೇ ಎಂದು ನಾನು ಕೇಳಿದ್ದಕ್ಕೆ ಆ ಬೆಳೆಗಾರರು ಹೇಳಿದ್ದು: “ಖರ್ಚು ಹೌದು ಮಾರಾಯ್ರೆ. ಆದರೆ ಮೇಲೆ ಏನು ನಡೀತಾ ಇದೆ ಅಂತ ಇಳಿದು ಬಂದು ಹೇಳೋರು ಒಬ್ಬರು ಬೇಕಲ್ಲ?”